ಪಟದ ಬೆನ್ನು ನೋಡಿ

ನಮ್ಮ ಕಡೆಯ ಹಳೇ ಮನೆಗಳಲ್ಲಿ ನಡುಮನೆಯ ಬಾಗಿಲ ಮೇಲೆ, ಮುಂದಕ್ಕೆ ಬಾಗಿಸಿ ಕಟ್ಟಿದ ಪಟಗಳ ಸಾಲು ಇರುತ್ತದೆ. ಲಕ್ಷ್ಮಿ, ವೆಂಕಟರಮಣ, ಚುಂಚನಗಿರಿಯ ಭೈರವ. ಅವರ ಪಕ್ಕದಲ್ಲೇ ಕೋಟು ತೊಟ್ಟು, ಪೇಟ ಸುತ್ತಿ, ಕುರ್ಚಿ ಮೇಲೆ ಬಿಗಿಯಾಗಿ ಕೂತ ಒಬ್ಬರು. ಹಬ್ಬಕ್ಕೆ ಬಂದ ಮೊಮ್ಮಗು ‘ಅದ್ಯಾರು?’ ಅಂದರೆ ‘ನಮ್ಮ ಹಿರೀಕರು’ ಎಂಬ ಉತ್ತರ ಬರುತ್ತದೆ. ಯಾವ ಹಿರೀಕರು, ಯಾರ ತಂದೆ, ಪಟ ಎಲ್ಲಿ ತೆಗೆಸಿದ್ದು ಅಂತ ಇನ್ನೊಂದು ಹೆಜ್ಜೆ ಮುಂದೆ ಹೋದರೆ ಮನೆಯವರೆಲ್ಲ ಮುಖ ಮುಖ ನೋಡಿಕೊಳ್ಳುತ್ತಾರೆ.

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಈ ನಾಲ್ಕು ತಾಲ್ಲೂಕುಗಳಲ್ಲಿ ತೊಟ್ಟಿಮನೆ ಕೆಡವಿ ತಾರಸಿ ಮನೆ ಕಟ್ಟುವುದು ನಡೆದೇ ಇದೆ. ಮನೆ ಕೆಡವಿದ ದಿನ ಪಟಗಳು ಗೋಣಿಚೀಲ ಸೇರುತ್ತವೆ. ಪಾಲಾದಾಗ ಜಮೀನಿಗೆ ಜಗಳ ಆಗುತ್ತದೆಯೇ ಹೊರತು ಪಟಕ್ಕೆ ಆಗುವುದಿಲ್ಲ. ಹತ್ತು ವರ್ಷ ಕಳೆದು ಬೆಂಗಳೂರಿನಲ್ಲಿರುವ ಮಗನಿಗೋ ಮಗಳಿಗೋ ವಂಶದ ಕತೆ ತಿಳಿಯುವ ಆಸೆ ಹುಟ್ಟಿದಾಗ ಉಳಿದಿರುವುದು ಗುರುತು ಹತ್ತದ ನಾಲ್ಕು ಮುಖ, ಅಷ್ಟೆ.

ಎಡವಟ್ಟು ಶುರುವಾಗುವುದೇ ನಾವು ಮುಖ ನೋಡುವುದರಿಂದ. ಮುಖ ಮಾತಾಡುವುದು ಆ ಮನುಷ್ಯನನ್ನು ಕಂಡವರ ಹತ್ತಿರ ಮಾತ್ರ. ಕಂಡವರು ಹೋದ ಮೇಲೆ ಅದು ಮೂಕ. ಆದರೆ ಪಟದ ಬೆನ್ನು, ಕಾಗದದ ಅಂಚು, ಸ್ಟುಡಿಯೋದ ಮೊಹರು, ಕುರ್ಚಿ, ಹಿಂದಿನ ಗೋಡೆ ಇವು ಯಾರು ಕೇಳಿದರೂ ಹೇಳುತ್ತವೆ. ಅವು ಕಾಲವನ್ನೂ ಊರನ್ನೂ ಕಟ್ಟಿಹಾಕಿದರೆ, ಆ ಕಾಲಕ್ಕೆ ಆ ವಯಸ್ಸಿನಲ್ಲಿ ನಮ್ಮ ಮನೆಯಲ್ಲಿ ಯಾರಿದ್ದರು ಎಂದು ಲೆಕ್ಕ ಹಾಕಬಹುದು. ಮುಖ ಕೊನೆಗೆ.

ನಮ್ಮ ಸೀಮೆಯ ಒಕ್ಕಲು ಮನೆಗಳಿಗೆ ಫೋಟೋ ಬಂದದ್ದು ತಡವಾಗಿ. ಪಟ ತೆಗೆಸಿದರೆ ಆಯಸ್ಸು ಕಡಿಮೆ ಆಗುತ್ತದೆ ಎಂಬ ಅಂಜಿಕೆ ಬಹಳ ದಿನ ಇತ್ತು. ತೆಗೆಸಿದರೂ ಮದುವೆಗೆ, ಮೈಸೂರು ದಸರೆಗೆ ಹೋದಾಗ, ಬೇಬಿ ಬೆಟ್ಟದ ಇಲ್ಲವೇ ಹೇಮಗಿರಿಯ ದನಗಳ ಜಾತ್ರೆಯಲ್ಲಿ, ಬಣ್ಣದ ಪರದೆ ಕಟ್ಟಿದ ಡೇರೆಯೊಳಗೆ. ಹಾಗಾಗಿ ಒಂದೊಂದು ಮನೆಯಲ್ಲಿ ಇರುವುದೇ ನಾಲ್ಕೈದು. ಕಡಿಮೆ ಇರುವುದರಿಂದಲೇ ಒಂದೊಂದನ್ನೂ ಬಿಡಿಸಿ ನೋಡುವಷ್ಟು ಪುರುಸೊತ್ತು ಸಿಗುತ್ತದೆ.

ಮಾಡುವ ಬಗೆ

1. ಇಳಿಸುವ ಮುಂಚೆ ಗೋಡೆಯದೇ ಒಂದು ಫೋಟೋ ತೆಗೆಯಿರಿ. ಯಾರ ಪಕ್ಕ ಯಾರು ತೂಗಿದ್ದಾರೆ ಎಂಬುದೂ ಒಂದು ಸುಳಿವು. ಗಂಡ ಹೆಂಡತಿಯನ್ನು ಅಕ್ಕಪಕ್ಕ, ಹಿರಿಯರನ್ನು ಬಾಗಿಲ ನೆತ್ತಿಗೆ ಕಟ್ಟುವುದು ವಾಡಿಕೆ. ಆಲ್ಬಮ್ ಆದರೆ ಪುಟಪುಟವನ್ನೂ ಇದ್ದಂತೆಯೇ ತೆಗೆದುಕೊಳ್ಳಿ.

2. ಚೌಕಟ್ಟನ್ನು ಹಿಂದಿನಿಂದ ಬಿಚ್ಚಿ. ಮೇಜಿನ ಮೇಲೆ ಬಟ್ಟೆ ಹಾಸಿ, ಗಾಜು ಕೆಳಗಾಗಿ ಮಲಗಿಸಿ, ಮೊಳೆಗಳನ್ನು ಒಂದೊಂದಾಗಿ ಕೀಳಿ. ಕಟ್ಟು ಹಾಕುವವರು ರಟ್ಟಿನ ಕೆಳಗೆ ಹಳೇ ಪೇಪರು, ಕ್ಯಾಲೆಂಡರು ತುರುಕುತ್ತಿದ್ದರು. ಅದನ್ನು ಎಸೆಯಬೇಡಿ. ತಾರೀಕು ಹರಿದುಹೋಗಿದ್ದರೂ ಪತ್ರಿಕೆಯ ಹೆಸರು ಸಾಕು. ‘ಪ್ರಜಾವಾಣಿ’ ಶುರುವಾದದ್ದೇ 1948ರಲ್ಲಿ, ಆದ್ದರಿಂದ ಅದರ ಚೂರು ಇದ್ದರೆ ಕಟ್ಟು ಹಾಕಿಸಿದ್ದು ಆಮೇಲೆಯೇ. ಆದರೆ ನೆನಪಿಡಿ, ಪೇಪರು ಹೇಳುವುದು ಕಟ್ಟು ಹಾಕಿಸಿದ ಕಾಲವನ್ನು. ಪಟ ತೆಗೆಸಿದ್ದು ಅದಕ್ಕೆ ಇಪ್ಪತ್ತು ವರ್ಷ ಹಿಂದೆಯೂ ಇರಬಹುದು.

ಫೋಟೋ ಗಾಜಿಗೆ ಅಂಟಿಕೊಂಡಿದ್ದರೆ ಅಲ್ಲಿಗೆ ಕೈ ಬಿಡಿ. ಎಳೆದರೆ ಮುಖವೇ ಗಾಜಿನ ಜೊತೆ ಕಿತ್ತು ಬರುತ್ತದೆ. ಗಾಜಿನ ಸಮೇತ ನಕಲು ತೆಗೆದರೆ ಸಾಕು.

3. ಬೆನ್ನು ಓದಿ. ಮೊಹರು, ಅಚ್ಚು, ಪೆನ್ಸಿಲಿನ ಗೀಚು ಎಲ್ಲವನ್ನೂ ಬೆಳಕಿಗೆ ಓರೆ ಹಿಡಿದು ನೋಡಿ. ಹೊರಗಿನ ಯಾವ ಪುಸ್ತಕಕ್ಕಿಂತ ನಮ್ಮ ಜಿಲ್ಲೆಯ ಚರಿತ್ರೆಯೇ ಇಲ್ಲಿ ಕೆಲಸಕ್ಕೆ ಬರುತ್ತದೆ:

• ವಿಳಾಸದಲ್ಲಿ ಈ ನಾಲ್ಕರಲ್ಲಿ ಯಾವುದಾದರೂ ತಾಲ್ಲೂಕಿನ ಮುಂದೆ ‘ಮೈಸೂರು ಜಿಲ್ಲೆ’ ಎಂದಿದ್ದರೆ ಅದು 1939ಕ್ಕಿಂತ ಹಿಂದಿನದಿರಬೇಕು. ಮಂಡ್ಯ ಜಿಲ್ಲೆ ಬೇರೆಯಾದದ್ದು ಆ ವರ್ಷ.
• ‘ಫ್ರೆಂಚ್ ರಾಕ್ಸ್’ ಎಂದಿದ್ದರೆ ಗಾಬರಿ ಬೇಡ, ನಿಮ್ಮ ತಾತ ಹಡಗು ಹತ್ತಿರಲಿಲ್ಲ. ಅದು ಪಾಂಡವಪುರದ ಹಳೇ ಹೆಸರು. ಹೈದರ್ ಮತ್ತು ಟಿಪ್ಪುವಿನ ಕಡೆಯ ಫ್ರೆಂಚ್ ಸೈನಿಕರು ಅಲ್ಲಿ ಬೀಡುಬಿಟ್ಟಿದ್ದರಿಂದ ಬಂದದ್ದು. ಹಳಬರ ಬಾಯಲ್ಲಿ ಅದೇ ಹಿರೋಡೆ. ಹಾಗೆಯೇ ಅತ್ತಿಕುಪ್ಪೆ ಎಂದರೆ ಇಂದಿನ ಕೆ.ಆರ್. ಪೇಟೆ.
• ‘ಮೈಸೂರು ರಾಜ್ಯ’ ಎಂದಿದ್ದರೆ 1973ರ ನವೆಂಬರ್ 1ಕ್ಕಿಂತ ಮೊದಲು.
• ಆರಂಕಿಯ ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್ 15ರ ನಂತರ.
• ಪ್ರತಿಯ ಬೆಲೆಯನ್ನು ಆಣೆಯಲ್ಲಿ ಬರೆದಿದ್ದರೆ ಬಹುಮಟ್ಟಿಗೆ 1957ರ ಹಿಂದಿನದು. ನಯಾ ಪೈಸೆ ಬಂದದ್ದು ಆ ಏಪ್ರಿಲಿನಲ್ಲಿ.
• ಕಾಗದದ ಹಿಂದೆ ‘ಇಂದು’ ಎಂಬ ಹೆಸರು ಮಸುಕಾಗಿ ಅಚ್ಚಾಗಿದ್ದರೆ ಅದು ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯದು. ಅಲ್ಲಿ ತಯಾರಿಕೆ ಶುರುವಾದದ್ದು 1967ರಲ್ಲಿ.

ಒಂದು ಮಾತು: ಸ್ಟುಡಿಯೋದವರು ರಬ್ಬರ್ ಮೊಹರನ್ನು ಸವೆಯುವ ತನಕ ಬಿಡುವುದಿಲ್ಲ. ಹೆಸರು ಬದಲಾದ ಮೇಲೂ ಹಳೇದನ್ನೇ ಒತ್ತಿರುತ್ತಾರೆ. ಹೊಸ ಗುರುತು ಕಂಡರೆ ‘ಇದಕ್ಕಿಂತ ಹಿಂದಿನದಲ್ಲ’ ಎಂದು ಗಟ್ಟಿಯಾಗಿ ಹೇಳಬಹುದು. ಹಳೇ ಗುರುತಿಗೆ ನಾಲ್ಕೈದು ವರ್ಷ ಸಡಿಲ ಬಿಡಿ.

4. ಸಂವತ್ಸರ ಬಿಡಿಸಿ. ಶ್ಯಾನುಭೋಗರ, ಅರ್ಚಕರ, ಮೇಷ್ಟರ ಮನೆಯ ಪಟವಾದರೆ ಹಿಂದೆ ಇಸವಿಯ ಬದಲು ಸಂವತ್ಸರದ ಹೆಸರಿರುವುದೇ ಹೆಚ್ಚು. ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ಮರಳುತ್ತದೆ. ಪ್ರಭವ ಬಂದದ್ದು 1927ರ ಯುಗಾದಿಗೆ, ಮತ್ತೆ 1987ಕ್ಕೆ. ಅಲ್ಲಿಂದ ಬೆರಳು ಮಡಿಚಿ ಎಣಿಸಿಕೊಂಡು ಹೋದರಾಯಿತು. ಸರ್ವಜಿತು 1947, ಪ್ಲವ 1961. ಪುಷ್ಯ, ಮಾಘ, ಫಾಲ್ಗುಣ ಎಂದಿದ್ದರೆ ಇಂಗ್ಲಿಷ್ ಇಸವಿ ಸಾಮಾನ್ಯವಾಗಿ ಮುಂದಿನದಕ್ಕೆ ಜಾರಿರುತ್ತದೆ.

ಇಲ್ಲಿ ಕಾಲು ಜಾರುವ ಜಾಗ ಒಂದಿದೆ. ಪ್ಲವ ಬೇರೆ, ಪ್ಲವಂಗ ಬೇರೆ. ಪ್ಲವಂಗ ಬಂದದ್ದು 1967ಕ್ಕೆ. ಅಕ್ಷರ ಮಾಸಿದ್ದರೆ ಆರು ವರ್ಷದ ತಪ್ಪು ಗ್ಯಾರಂಟಿ. ಹೇವಿಳಂಬಿ, ವಿಳಂಬಿಯ ಗೊಂದಲಕ್ಕೆ ಒಂದೇ ವರ್ಷದ ಬೆಲೆ.

5. ಈಗ ಪಟವನ್ನು ಮುಂದಕ್ಕೆ ತಿರುಗಿಸಿ, ಆದರೂ ಮುಖ ಬಿಟ್ಟು ಮಿಕ್ಕಿದ್ದೆಲ್ಲ ನೋಡಿ. ದಪ್ಪ ರಟ್ಟಿಗೆ ಅಂಟಿಸಿ ಕೆಳಗೆ ಸ್ಟುಡಿಯೋ ಹೆಸರು ಒತ್ತಿದ್ದರೆ ಬಹಳ ಹಳೇದು. ಬಿಳಿ ಅಂಚನ್ನು ಹಲ್ಲುಹಲ್ಲಾಗಿ ಕತ್ತರಿಸಿದ್ದರೆ ಹೆಚ್ಚಾಗಿ ನಲವತ್ತರಿಂದ ಅರವತ್ತರ ದಶಕದ್ದು. ಮೂಲೆಯಲ್ಲಿ ಕಿತ್ತಳೆ ಬಣ್ಣದ ತಾರೀಕು ಬಿದ್ದಿದ್ದರೆ ಎಂಬತ್ತರ ಕೊನೆಯಿಂದ ಈಚೆಗಿನ ಕ್ಯಾಮೆರಾದ್ದು. ಅದನ್ನು ಕಣ್ಣು ಮುಚ್ಚಿ ನಂಬಬೇಡಿ, ಶೆಲ್ ಬದಲಿಸಿದ ಮೇಲೆ ತಾರೀಕು ಸರಿಮಾಡುವ ಅಭ್ಯಾಸ ನಮ್ಮಲ್ಲಿ ಬಹಳ ಜನಕ್ಕೆ ಇರಲಿಲ್ಲ.

ಹಿನ್ನೆಲೆಯಲ್ಲಿ ಮೇಲುಕೋಟೆಯ ಕಲ್ಯಾಣಿಯೋ ರಾಯಗೋಪುರವೋ ಇದ್ದರೆ ಊರು ಸಿಕ್ಕಿತು, ಕಾಲ ಸಿಗಲಿಲ್ಲ. ಕಲ್ಲು ನೂರಾರು ವರ್ಷದಿಂದ ಹಾಗೇ ಇದೆ. ಪಕ್ಕದಲ್ಲಿ ಕರೆಂಟು ಕಂಬ ನಿಂತಿದೆಯೇ ನೋಡಿ, ಆ ಊರಿಗೆ ದೀಪ ಬಂದದ್ದು ಯಾವಾಗ ಎಂದು ಹಿರಿಯರನ್ನು ಕೇಳಿ. ಬೃಂದಾವನದ ಕಾರಂಜಿಯ ಮುಂದೆ ಸಾಲಾಗಿ ನಿಂತ ಫೋಟೋ ಈ ಸೀಮೆಯಲ್ಲಿ ಇಲ್ಲದ ಮನೆಯೇ ಇಲ್ಲವೇನೋ. ಆ ತೋಟದ ಮೇಲಿನ ಕನ್ನಂಬಾಡಿ ಕಟ್ಟೆಯ ಕೆಲಸ 1911ರಲ್ಲಿ ಶುರುವಾಗಿ ಮುಗಿದದ್ದು 1930ರ ದಶಕದ ಆರಂಭಕ್ಕೆ, ಹಾಗಾಗಿ ಅಂಥ ಪಟ ಅದಕ್ಕಿಂತ ಹಿಂದಕ್ಕೆ ಹೋಗಲಾರದು. ಬಸ್ಸೋ ಲಾರಿಯೋ ಇದ್ದರೆ ನಂಬರ್ ಪ್ಲೇಟು ದೊಡ್ಡದು ಮಾಡಿ ನೋಡಿ. ‘ಕೆಎ’ ಎಂದು ಶುರುವಾದರೆ 1989ರ ಈಚೆಗೆ.

ಹೆಣ್ಣುಮಕ್ಕಳ ಪಟದಲ್ಲಿ ಸಂದರ್ಭ ಹುಡುಕಿ. ಹಿಂದೆ ಕನ್ನಡಿ ಇಟ್ಟು ಮೊಗ್ಗಿನ ಜಡೆ ಕಾಣುವಂತೆ ಕೂರಿಸಿದ್ದರೆ ಅದು ಸುಮ್ಮನೆ ತೆಗೆಸಿದ್ದಲ್ಲ. ಮೈನೆರೆದಾಗಲೋ, ಮದುವೆಗೋ, ಸೀಮಂತಕ್ಕೋ ತೆಗೆಸಿದ್ದು. ಅಲ್ಲಿಗೆ ವಯಸ್ಸಿನ ಅಂದಾಜು ಸಿಕ್ಕಿತು.

6. ಆಮೇಲೆ ಹಿರಿಯರ ಹತ್ತಿರ ಹೋಗಿ. ‘ಇದ್ಯಾರು?’ ಎಂದು ಮಾತ್ರ ಕೇಳಬೇಡಿ. ಎಂಬತ್ತು ದಾಟಿದವರಿಗೆ ಆ ಪ್ರಶ್ನೆ ಪರೀಕ್ಷೆಯಂತೆ ಕಾಣುತ್ತದೆ. ಗೊತ್ತಿಲ್ಲ ಅಂದುಬಿಟ್ಟರೆ ಮಾತು ಮುಗಿಯಿತು. ಕುರ್ಚಿ, ಒಡವೆ, ಬಾಗಿಲು, ಎತ್ತು ಇವುಗಳ ಮೇಲೆ ಬೆರಳಿಟ್ಟು ಕೇಳಿ.

ನಾಗಮಂಗಲ ತಾಲ್ಲೂಕಿನ ನಮ್ಮ ಮನೆಯಲ್ಲಿ ಆದದ್ದನ್ನೇ ಹೇಳುತ್ತೇನೆ. ಕೋಟು ತೊಟ್ಟು ಕೂತವರು, ಪಕ್ಕದಲ್ಲಿ ಕುರ್ಚಿಯ ಮೇಲೆ ಕೈಯಿಟ್ಟು ನಿಂತ ಹೆಂಗಸು, ಮುಂದೆ ಗುಂಡಿ ಕಿತ್ತ ಅಂಗಿಯ ಒಬ್ಬ ಹುಡುಗ. ಕೂತವರು ನಮ್ಮ ಮುತ್ತಾತ ಎಂದು ಎಲ್ಲರೂ ನಂಬಿದ್ದೆವು, ವರ್ಷಾವರ್ಷ ಎಡೆ ಇಟ್ಟು ಕೈಯನ್ನೂ ಮುಗಿದಿದ್ದೆವು. ಕಟ್ಟು ಬಿಚ್ಚಿದಾಗ ರಟ್ಟಿನ ಕೆಳಗೆ 1974ರ ಪೇಪರು, ಪಟದ ಬೆನ್ನ ಮೇಲೆ ಪೆನ್ಸಿಲಿನಲ್ಲಿ ‘ಪ್ಲವ ಸಂ. ಪುಷ್ಯ’. ಚಿಕ್ಕಪ್ಪ ಅದನ್ನು ಪ್ಲವಂಗ ಎಂದು ಓದಿ ಒಂದು ವಾರ ನಮ್ಮ ದಾರಿ ತಪ್ಪಿಸಿದರು. ಕೊನೆಗೆ ದೊಡ್ಡವ್ವನ ಮುಂದೆ ಹಿಡಿದೆ.

‘ಮೊಕ ಎಲ್ ಕಾಣ್ತದ್ಲಾ ನಂಗೆ’ ಅಂದರು. ಸರಿ, ಕುರ್ಚಿ ತೋರಿಸಿದೆ. ಕನ್ನಡಕದ ಮೇಲೆ ಇನ್ನೊಂದು ಭೂತಗನ್ನಡಿ ಹಿಡಿದು ನೋಡಿದರು. ‘ಈ ಕುರ್ಚಿ ನಮ್ ಮನೇದಲ್ಲ ಕಣ್ ಮಗಾ. ಇಸ್ಕೂಲ್ದು. ಕೈ ಇಡೋತಾವ ಮುರ್ದಿತ್ತಲ್ಲ, ಅದೇಯ.’ ಸ್ವಲ್ಪ ಹೊತ್ತು ಸುಮ್ಮನಿದ್ದು ಅವರೇ ಮುಂದುವರಿಸಿದರು: ‘ಅಷ್ಟಗ್ರಹ ಕೂಡ್ತವೆ, ಪರ್ಪಂಚ ಮುಳುಗೋಯ್ತದೆ ಅಂತಿದ್ರಲ್ಲ, ಆವಾಗ ನಮ್ ಮೇಷ್ಟ್ರು ಚಿಕ್ಕಮಾವ ಪಟ ತೆಗ್ಯೋನ್ನ ಕರೆಸಿದ್ರು. ಮುಳುಗೋದ್ರೂ ಒಂದ್ ಪಟ ಅಂತ ಇರ್ಲಿ ಅಂತ.’

ಪ್ರಪಂಚವೇ ಮುಳುಗಿದ ಮೇಲೆ ಪಟ ನೋಡುವವರು ಯಾರು ಎಂದು ಆಗ ಯಾರೂ ಕೇಳಲಿಲ್ಲವೇನೋ! ಅಷ್ಟಗ್ರಹ ಕೂಟ ಆದದ್ದು 1962ರ ಫೆಬ್ರುವರಿ ಮೊದಲ ವಾರ, ಪುಷ್ಯದ ಅಮಾವಾಸ್ಯೆಯ ಆಸುಪಾಸು. ಪ್ಲವ ಸಂವತ್ಸರದ ಪುಷ್ಯಕ್ಕೆ ಕರಾರುವಾಕ್ಕಾಗಿ ಕೂತಿತು. ಅಲ್ಲಿಗೆ ಕೂತವರು ಮುತ್ತಾತನಲ್ಲ, ತಾತನ ತಮ್ಮ, ಊರ ಶಾಲೆಯ ಮೇಷ್ಟ್ರು. ಅವರಿಗೆ ಮಕ್ಕಳಿರಲಿಲ್ಲ. ಇದು ನಮ್ಮಪ್ಪ ಎನ್ನುವವರು ಇಲ್ಲದ ಮೇಲೆ ಪಟ ನಿಧಾನವಾಗಿ ಮುತ್ತಾತನ ಪಾಲಾಗಿತ್ತು.

ಇಸವಿ ಕೇಳಿದರೆ ಹಿರಿಯರಿಗೆ ತೋಚುವುದಿಲ್ಲ, ಘಟನೆ ಕೇಳಿದರೆ ತೋಚುತ್ತದೆ. ಕಾವೇರಿ ಊರೊಳಕ್ಕೆ ಬಂದ 1924ರ ಪ್ರವಾಹ, ಗಾಂಧಿ ಸತ್ತ 1948, ಚೀನಾ ಯುದ್ಧದ 1962, ನೆಹರೂ ಹೋದ 1964. ಅದಕ್ಕೂ ಹಿಂದೆ, ಅವರ ಅಜ್ಜಿಯರ ಬಾಯಿಂದ ಬಂದ ಧಾತು ಈಶ್ವರ ಸಂವತ್ಸರಗಳ ಬರ, ಅಂದರೆ 1876ರಿಂದ 78. ‘ಅದಕ್ಕೆ ಮುಂಚೆಯೋ ಆಮೇಲೋ’ ಎಂದು ಕೇಳುತ್ತಾ ಹೋಗಿ. ಫೋನಿನಲ್ಲಿ ದನಿ ಮುದ್ರಿಸಿಕೊಳ್ಳಿ, ಕೇಳಿ ಒಪ್ಪಿಸಿಕೊಂಡು. ಒಂದು ಸಲಕ್ಕೆ ಮೂರ್ನಾಲ್ಕು ಪಟ ಸಾಕು. ಎರಡು ದಿನ ಬಿಟ್ಟು ಮತ್ತೆ ಹೋದರೆ, ಮೊದಲ ದಿನ ಹೊಳೆಯದ್ದು ಹೊಳೆದಿರುತ್ತದೆ.

7. ಬಾಯಿಮಾತನ್ನು ಕಾಗದಕ್ಕೆ ತಾಳೆ ನೋಡಿ. ನಮ್ಮ ಮನೆಯ ಅನುಮಾನಕ್ಕೆ ಮುದ್ರೆ ಬಿದ್ದದ್ದು 1958ರ ಪಾಲುಪಟ್ಟಿಯಿಂದ. ಅದರಲ್ಲಿ ಮುತ್ತಾತನ ಹೆಸರಿನ ಹಿಂದೆ ಆಗಲೇ ‘ದಿವಂಗತ’ ಎಂದಿತ್ತು. ನೋಂದಾಯಿಸಿದ ವಿಭಾಗಪತ್ರವಾದರೆ ಅಣ್ಣತಮ್ಮಂದಿರೆಲ್ಲರ ಹೆಸರು, ವಯಸ್ಸು ಒಂದೇ ಕಡೆ ಸಿಗುತ್ತದೆ. ಉಪನೋಂದಣಿ ಕಚೇರಿಯಲ್ಲಿ ನಕಲು ಕೇಳಿ. ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಜಮೀನಿನ ಹಕ್ಕು ಬರೆದಿಟ್ಟ ಹಳೇ ಐ.ಎಲ್., ಆರ್.ಆರ್. ಪುಸ್ತಕಗಳಿರುತ್ತವೆ. ಪೌತಿ ಖಾತೆಯಾದ ವರ್ಷ ಸಿಕ್ಕಿದರೆ ಸಾವು ಅದಕ್ಕೆ ಮುಂಚೆ ಎಂದಾಯಿತು. ಊರ ಶಾಲೆಯ ದಾಖಲಾತಿ ರಿಜಿಸ್ಟರಿನಲ್ಲಿ ಮಗುವಿನ ಜೊತೆ ತಂದೆಯ ಹೆಸರು, ಕಸುಬು ಇರುತ್ತದೆ. ಪಟೇಲರದೋ ಶ್ಯಾನುಭೋಗರದೋ ಮನೆಯಾದರೆ ಒಂದು ಇಸವಿ ನೆನಪಿರಲಿ: ವಂಶಪಾರಂಪರ್ಯದ ಆ ಹುದ್ದೆಗಳು ರದ್ದಾದದ್ದು 1963ರ ಫೆಬ್ರುವರಿಯಲ್ಲಿ.

ಇನ್ನು ಹೆಳವರು. ಸುಗ್ಗಿ ಮುಗಿದ ಮೇಲೆ ಎತ್ತಿನ ಜೊತೆ ಬಂದು, ಗಂಟೆ ಬಾರಿಸಿ, ಮನೆತನದ ತಲೆಮಾರುಗಳನ್ನು ಒಪ್ಪಿಸುವವರು. ನಿಮ್ಮ ಕುಲದ ಹೆಳವರು ಈಗಲೂ ಬರುತ್ತಾರೆಯೇ ವಿಚಾರಿಸಿ. ಬಂದರೆ ದವಸ ಕೊಟ್ಟು ಕಳಿಸಿಬಿಡಬೇಡಿ, ಜಗಲಿ ಮೇಲೆ ಕೂರಿಸಿ ಪೂರ್ತಿ ಹೇಳಿಸಿ. ಅವರು ಹೇಳುವುದೂ ದಾಖಲೆಗೆ ತಾಳೆಯಾಗಬೇಕು ನಿಜ, ಆದರೆ ಮೂಲ ಊರು ಯಾವುದು, ಯಾವ ದೇವರ ಒಕ್ಕಲು ಎಂಬುದು ಅವರಷ್ಟು ಚೆನ್ನಾಗಿ ಇನ್ನಾರಿಗೂ ಗೊತ್ತಿರುವುದಿಲ್ಲ.

ಎಲ್ಲರೂ ಎಡವುವ ಕಡೆ

ಕೋಟು ಕಂಡು ಸಿರಿವಂತರು ಅಂದುಕೊಳ್ಳುವುದು ಮೊದಲನೇ ತಪ್ಪು. ಸ್ಟುಡಿಯೋಗಳಲ್ಲಿ ಗಿರಾಕಿಗಳಿಗೆಂದೇ ಕೋಟು, ಟೈ, ಬೂಟು ಇಟ್ಟಿರುತ್ತಿದ್ದರು. ಕೋಟಿನ ತೋಳು ಮಣಿಕಟ್ಟು ದಾಟಿ ನಿಂತಿದೆಯೋ, ಭುಜ ಜೋತುಬಿದ್ದಿದೆಯೋ ನೋಡಿ, ಗೊತ್ತಾಗುತ್ತದೆ.

ಸ್ಟುಡಿಯೋ ಮೈಸೂರಿನದು ಎಂದಾಕ್ಷಣ ಮನೆಯವರು ಮೈಸೂರಿನಲ್ಲಿದ್ದರು ಎಂದಲ್ಲ. ಶ್ರೀರಂಗಪಟ್ಟಣ, ಪಾಂಡವಪುರದವರು ರೈಲು ಹತ್ತಿ, ಕೆ.ಆರ್. ಪೇಟೆ ತಾಲ್ಲೂಕಿನವರು ಅಕ್ಕಿಹೆಬ್ಬಾಳಿನಲ್ಲೋ ಮಂದಗೆರೆಯಲ್ಲೋ ರೈಲು ಹಿಡಿದು ಹೋಗಿ ತೆಗೆಸಿ ಬರುತ್ತಿದ್ದರು.

ಗಂಡ ಹೆಂಡತಿ ಜೊತೆಯಾಗಿ ಕೂತಿದ್ದಾರೆ ಎಂದರೆ ಒಂದೇ ದಿನ ಕೂತಿದ್ದರು ಎಂದೂ ಅಲ್ಲ. ಒಬ್ಬರು ತೀರಿಕೊಂಡ ಮೇಲೆ ಎರಡು ಪಟ ಕೂಡಿಸಿ, ಬಣ್ಣ ಹಚ್ಚಿ, ಸೀರೆಗೆ ಅಂಚು ಬರೆದು ಒಂದು ಮಾಡಿಸುತ್ತಿದ್ದರು. ಬೆಳಕು ಒಬ್ಬರಿಗೆ ಎಡದಿಂದ, ಇನ್ನೊಬ್ಬರಿಗೆ ಬಲದಿಂದ ಬಿದ್ದಿದ್ದರೆ ಅನುಮಾನಿಸಿ.

ಎಲ್ಲಕ್ಕಿಂತ ಹೆಚ್ಚು ಗೋಜಲು ಆಗುವುದು ನಮ್ಮ ನೆಂಟಸ್ತಿಕೆಯ ಮಾತಿನಿಂದ. ‘ಮಾವ’ ಎಂದರೆ ತಾಯಿಯ ಅಣ್ಣತಮ್ಮನೂ ಹೌದು, ಗಂಡನ ತಂದೆಯೂ ಹೌದು, ಅತ್ತೆಯ ಗಂಡನೂ ಹೌದು. ಸೋದರಮಾವನನ್ನೇ ಮದುವೆಯಾದ ಮನೆಗಳಲ್ಲಿ ಅಜ್ಜಿಯೇ ಅತ್ತೆಯೂ ಆಗಿರುತ್ತಾಳೆ. ಆದ್ದರಿಂದ ಬರೆದುಕೊಳ್ಳುವಾಗ ‘ಇಂಥವರ ಮಗ’, ‘ಇಂಥವರ ಹೆಂಡತಿ’ ಎಂದಷ್ಟೇ ಬರೆಯಿರಿ. ಹೆಸರೂ ಮೋಸ ಮಾಡುತ್ತದೆ. ತಾತನ ಹೆಸರು ಮೊಮ್ಮಗನಿಗೆ ಇಡುವ ಪದ್ಧತಿಯಿಂದ ಒಂದು ತಲೆಮಾರು ಬಿಟ್ಟು ಒಂದಕ್ಕೆ ಅದೇ ಹೆಸರು ಮರಳುತ್ತದೆ. ಕಾಗದದಲ್ಲಿ ಸಿಕ್ಕ ಹೆಸರು ಯಾವ ತಲೆಮಾರಿನದು ಎಂದು ಇಸವಿ ನೋಡದೆ ತೀರ್ಮಾನಿಸಬೇಡಿ.

ಜೋಪಾನ

ಪಿತೃಪಕ್ಷಕ್ಕೆ ಪಟ ಇಳಿಸಿ ಒದ್ದೆ ಬಟ್ಟೆಯಲ್ಲಿ ಒರೆಸುವುದುಂಟು. ಗಾಜಿನ ಸಂದಿಯಿಂದ ನೀರು ಇಳಿದರೆ ಪಟ ಗಾಜಿಗೆ ಅಂಟಿತು ಎಂದೇ ಲೆಕ್ಕ. ಒಣ ಬಟ್ಟೆ ಸಾಕು, ಕುಂಕುಮ ಗಂಧ ಗಾಜಿನ ಅಂಚಿಗಿರಲಿ. ಬಿಡಿ ಫೋಟೋವನ್ನಂತೂ ನೀರಿಗೆ, ಸ್ಪಿರಿಟ್ಟಿಗೆ ಮುಟ್ಟಿಸಲೇಬೇಡಿ. ಪೇಟೆಯ ಅಂಗಡಿಯೊಂದರಲ್ಲಿ ‘ಕ್ಲೀನ್ ಮಾಡಿಕೊಡ್ತೀವಿ’ ಎಂದು ತೆಗೆದುಕೊಂಡು ನಮ್ಮ ಅಜ್ಜಿಯ ಒಂದು ಕೆನ್ನೆಯನ್ನೇ ಒರೆಸಿಕೊಟ್ಟರು. ಲ್ಯಾಮಿನೇಷನ್ ಬೇಡ, ಅಂಟು ಹಾಳೆಯ ಆಲ್ಬಮ್ಮೂ ಬೇಡ. ಅಡುಗೆಮನೆಯ ಹೊಗೆ, ಹೊರಗೋಡೆಯ ತೇವ, ಗೆದ್ದಲು ಮೂರರಿಂದಲೂ ದೂರ ಇಡಿ.

ಸ್ಕ್ಯಾನ್ ಮಾಡಿಸುವುದಾದರೆ 600 ಡಿಪಿಐಗೆ ಕಡಿಮೆ ಇಲ್ಲದಂತೆ, ಎರಡೂ ಮಗ್ಗುಲು. ಫೋನಿನಲ್ಲಾದರೆ ಬೆಳಗಿನ ಹೊತ್ತು ಜಗಲಿಯ ನೆರಳಿನಲ್ಲಿ, ಫ್ಲ್ಯಾಶ್ ಆರಿಸಿ, ಫೋನನ್ನು ಪಟಕ್ಕೆ ನೇರವಾಗಿ ಹಿಡಿದು ತೆಗೆಯಿರಿ. ಗಾಜು ಹೊಳೆಯುತ್ತಿದ್ದರೆ ನಿಮ್ಮ ಬೆನ್ನ ಹಿಂದೆ ಕರೀ ಛತ್ರಿ ಬಿಚ್ಚಿ ಹಿಡಿಯಲು ಯಾರಿಗಾದರೂ ಹೇಳಿ, ಹೊಳಪು ಮಾಯ. ವಾಟ್ಸ್ಆ್ಯಪ್‌ನಲ್ಲಿ ಕಳಿಸುವಾಗ ಡಾಕ್ಯುಮೆಂಟ್ ಮಾಡಿ ಕಳಿಸಿ, ಇಲ್ಲದಿದ್ದರೆ ವಿವರ ಅಳಿಸಿಹೋಗುತ್ತದೆ. ಮುಖ ಚೊಕ್ಕ ಮಾಡಿ ಬಣ್ಣ ತುಂಬುವ ಆ್ಯಪ್‌ಗಳು ಇಲ್ಲದ ಕಣ್ಣು ಮೂಗು ತಾವೇ ಕಲ್ಪಿಸಿ ಬರೆಯುತ್ತವೆ. ಗುರುತು ಹಿಡಿಯಲು ಅದನ್ನು ಬಳಸಬೇಡಿ.

ಇನ್ನೊಂದು ಸೂಕ್ಷ್ಮ. ಎಷ್ಟೋ ಹಿರಿಯರ ಒಂದೇ ಪಟ ಅವರು ಸತ್ತ ದಿನದ್ದು. ಹಾರ ಹಾಕಿ ಕುರ್ಚಿಗೆ ಒರಗಿಸಿ, ಮಕ್ಕಳನ್ನು ಸುತ್ತ ನಿಲ್ಲಿಸಿ ತೆಗೆಸಿದ್ದು. ಅಂಥದ್ದನ್ನು ವಯಸ್ಸಾದವರ ಮುಂದೆ ದಿಢೀರನೆ ಹಿಡಿಯಬೇಡಿ, ಮೊದಲೇ ಹೇಳಿ ತೋರಿಸಿ. ಸುತ್ತ ನಿಂತವರ ಗುರುತಿಗೆ ಮಾತ್ರ ಅದಕ್ಕಿಂತ ಒಳ್ಳೆಯ ಪಟ ಇಲ್ಲ, ಆ ದಿನ ಯಾರೂ ತಪ್ಪಿಸಿಕೊಂಡಿರುವುದಿಲ್ಲ.

ಕೊನೆಗೆ ಬರೆದಿಡುವುದು. ಮೂಲ ಪಟದ ಬೆನ್ನಿಗೆ ಪೆನ್ನು ತಾಗಿಸಬೇಡಿ. ಮೆತ್ತನೆ ಪೆನ್ಸಿಲಿನಲ್ಲಿ ಅಂಚಿಗೆ ಒಂದು ನಂಬರು, ಅದೇ ನಂಬರಿನಲ್ಲಿ ಪುಸ್ತಕದಲ್ಲಿ ವಿವರ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೇ ಬರೆಯಿರಿ, ಹೇಳಿದವರು ಯಾರೆಂಬುದನ್ನೂ ಬರೆಯಿರಿ. ನಮ್ಮದು ಹೀಗಿದೆ: ‘ಪಟ 3. ಕೂತವರು ಮುತ್ತಾತನ ಕಿರಿಮಗ, ಮೇಷ್ಟ್ರು. ನಿಂತವರು ಅವರ ಹೆಂಡತಿ. ಶಾಲೆಯ ಮುಂದೆ, 1962ರ ಜನವರಿ ಕೊನೆ ಇಲ್ಲವೇ ಫೆಬ್ರುವರಿ ಮೊದಲು. ಹೇಳಿದ್ದು ದೊಡ್ಡವ್ವ; 1958ರ ಪಾಲುಪಟ್ಟಿಗೆ ತಾಳೆ ಇದೆ. ಹುಡುಗ ಯಾರೋ ತಿಳಿಯದು.’

ಹುಡುಗನಿಗೆ ಪಟದಲ್ಲಿ ಏಳೆಂಟು ವರ್ಷ. ಮೇಷ್ಟರಿಗೆ ಮಕ್ಕಳಿರಲಿಲ್ಲ, ಹಾಗಾಗಿ ನೆಂಟರ ಮಗುವೋ ಶಾಲೆಯ ಹುಡುಗನೋ ಇರಬೇಕು. ಅವನ ಮುಖವನ್ನಷ್ಟೇ ಕಾರ್ಡ್ ಸೈಜಿಗೆ ದೊಡ್ಡದು ಮಾಡಿಸಿ ಜೇಬಿನಲ್ಲಿಟ್ಟುಕೊಂಡಿದ್ದೇನೆ. ಈ ಸಲ ಪಿತೃಪಕ್ಷಕ್ಕೆ ಎಡೆ ಇಡುವಾಗ ನಾಲ್ಕೂರಿನ ನೆಂಟರು ಸೇರುತ್ತಾರೆ. ಅವನಿಗೀಗ ಎಪ್ಪತ್ತು ದಾಟಿರಬೇಕು, ಊಟದ ಪಂಕ್ತಿಯಲ್ಲೇ ಕೂತಿದ್ದರೂ ಕೂತಿರಬಹುದು.